ಹೆಂಡತಿಯ ಹುಟ್ಟುಹಬ್ಬಕ್ಕೆ ತೋಟದ ಊಟ: ಬಿಸಿ ರೊಟ್ಟಿ ಮೊದಲು ಅವಳ ತಟ್ಟೆಗೆ

ನಮ್ಮ ಕಡೆ ಮನೆಗಳಲ್ಲಿ ರಾತ್ರಿ ಊಟದ ಹೊತ್ತು ಹೇಗಿರುತ್ತದೆ ಅಂತ ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಮುಂದೆ ಇರುವವಳು ಒಂದೊಂದೇ ರೊಟ್ಟಿ ಬಡಿದು, ಬೇಯಿಸಿ, ಹಂಚಿನಿಂದ ನೇರ ತಟ್ಟೆಗೆ ಹಾಕುತ್ತಾಳೆ. ಮಾವ ಉಣ್ಣುತ್ತಾರೆ, ಗಂಡ ಉಣ್ಣುತ್ತಾನೆ, ಮಕ್ಕಳು ಅರ್ಧ ತಿಂದು ಅರ್ಧ ಬಿಟ್ಟು ಏಳುತ್ತಾರೆ, ಅತ್ತೆಗೆ ಒಂದು ಮೆತ್ತಗಿನದು ಬೇಕು. ಕೊನೆಗೆ ಅವಳು ಕೂರುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದಿರುವುದು ಆರಿದ ರೊಟ್ಟಿ. ನನ್ನ ಹೆಂಡತಿ ಮದುವೆಯಾಗಿ ಹನ್ನೊಂದು ವರ್ಷ ಹೀಗೇ ಉಂಡಿದ್ದಾಳೆ. ಹುಟ್ಟುಹಬ್ಬಕ್ಕೆ ಎಲ್ಲಿಗೆ ಹೋಗೋಣ ಅಂತ ಒಂದು ವರ್ಷ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಎಲ್ಲಿಗಾದ್ರೂ ನಡೀತದ. ಯಾರಾದ್ರೂ ರೊಟ್ಟಿ ಬಡದು ನನಗ ಬಿಸೀದು ಹಾಕಬೇಕು, ಅಷ್ಟ ನೋಡ್ರಿ."

ಆ ಮಾತು ಕೇಳಿದ ಮೇಲೆ ನಾನು ಸ್ಟಾರ್ ಹೋಟೆಲ್, ಎಸಿ ಹಾಲ್, ಬಲೂನ್ ಎಲ್ಲ ಬಿಟ್ಟೆ. ತೋಟದಲ್ಲೇ ಬೆಳೆದು, ಅಲ್ಲೇ ಒಲೆ ಹಚ್ಚಿ, ಅಲ್ಲೇ ಬಡಿಸುವ ಜಾಗ ಹುಡುಕಲು ಶುರು ಮಾಡಿದೆ. ಇದಕ್ಕೆ ಈಗ ಫಾರ್ಮ್ ಟು ಟೇಬಲ್ ಅಂತ ಹೆಸರು. ಅಮೆರಿಕದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಅನ್ನುವವರು 1971ರಲ್ಲಿ ಶೇ ಪನೀಸ್ ಅಂತ ಒಂದು ಹೋಟೆಲ್ ತೆರೆದರು, ಬರಬರುತ್ತಾ ಸುತ್ತಲಿನ ರೈತರಿಂದ ಏನು ಬರುತ್ತದೋ ಅದನ್ನೇ ನೋಡಿ ಅಡುಗೆ ನಿರ್ಧರಿಸತೊಡಗಿದರು, ಆಮೇಲೆ ಈ ಪದ್ಧತಿ ದೇಶ ದೇಶ ಸುತ್ತಿತು. ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಂಡವರಿಗೆ ಇದರ ರುಚಿ ಮೊದಲೇ ಗೊತ್ತು. ಆ ಊಟವನ್ನು ಅವಳು ಒಂದು ತುತ್ತೂ ಮಾಡದೆ ಉಣ್ಣುವ ಹಾಗೆ ಏರ್ಪಾಡು ಮಾಡುವುದು ಹೇಗೆ ಅಂತ, ನಾನು ಮೂರ್ನಾಲ್ಕು ವರ್ಷ ಮಾಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಂಡನ ಹುಟ್ಟುಹಬ್ಬಕ್ಕೂ ಇದೇ ದಾರಿ ನಡೆಯುತ್ತದೆ, ಏನೂ ತೊಂದರೆ ಇಲ್ಲ.

ಮೊದಲು ಹುಟ್ಟಿದ ದಿನ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಇದೇನು ಮಾತು ಅನ್ನಬೇಡಿ. ನಮ್ಮ ಭಾಗದಲ್ಲಿ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಜೂನ್ 1 ಅಂತಲೇ ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ನಿಜವಾದ ದಿನ ಅವಳ ತವರಿನಲ್ಲಿ ಅತ್ತೆಯವರಿಗೆ ನೆನಪಿರುತ್ತದೆ: ಶ್ರಾವಣದ ಎರಡನೇ ಸೋಮವಾರ, ನಾಗರ ಪಂಚಮಿ ಆಗಿ ಮೂರನೇ ದಿನ, ಊರ ತೇರಿನ ಹಿಂದಿನ ರಾತ್ರಿ, ಹೀಗೆ. ಹುಟ್ಟಿದ ವರ್ಷ ಗೊತ್ತಿದ್ದರೆ ಫೋನಿನಲ್ಲಿ ಆ ವರ್ಷದ ಪಂಚಾಂಗ ತೆಗೆದು ತಾರೀಕು ಹಿಡಿಯಬಹುದು. ಅತ್ತೆಯವರಿಗೆ ಒಂದು ಫೋನ್ ಮಾಡಿ ಕೇಳಿ, ಜೊತೆಗೆ ಅವಳಿಗೆ ಸಣ್ಣವಳಿದ್ದಾಗ ಏನು ಇಷ್ಟವಾಗಿತ್ತು ಅಂತಲೂ ಕೇಳಿ. ನನಗೆ ಹೀಗೆ ಕೇಳಿದಾಗಲೇ ಗೊತ್ತಾಗಿದ್ದು, ಅವಳಿಗೆ ಸಜ್ಜೆ ರೊಟ್ಟಿ ಮೇಲೆ ಬೆಣ್ಣೆ ಅಂದ್ರೆ ಪ್ರಾಣ ಅಂತ. ನಮ್ಮ ಮನೆಯಲ್ಲಿ ಸಜ್ಜೆ ಮಾಡುವುದೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಆ ದಿನ ವಾರ ಯಾವುದು ಬರುತ್ತದೆ ನೋಡಿ. ಸೋಮವಾರ ಒಪ್ಪತ್ತು ಇದೆಯಾ, ಸಂಕಷ್ಟಿ ಇದೆಯಾ, ಅವಳು ಶ್ರಾವಣದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಡುತ್ತಾಳಾ, ಇದೆಲ್ಲ ಊಟಕ್ಕೆ ಸಂಬಂಧಪಟ್ಟಿದ್ದೇ. ಇನ್ನೊಂದು, ದಾರಿ. ಹುಲಿಗಿ ಕಡೆಯಿಂದ ಹೋಗುವವರು ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟುಬಿಡಿ, ಹುಲಿಗೆಮ್ಮನ ದರ್ಶನಕ್ಕೆ ಬರುವ ಜನ ಜಾಸ್ತಿ. ಆನೆಗೊಂದಿ ಕಡೆ ಹೋಗುವವರು ಶನಿವಾರ ಮತ್ತು ಡಿಸೆಂಬರ್‌ನಲ್ಲಿ ಹನುಮಮಾಲೆ ಬಿಡುವ ದಿನಗಳನ್ನು ಬಿಡಿ, ಅಂಜನಾದ್ರಿ ಬೆಟ್ಟದ ಕೆಳಗೆ ಗಾಡಿ ಸಿಕ್ಕಿಹಾಕಿಕೊಂಡರೆ ಊಟದ ಹೊತ್ತು ಅಲ್ಲೇ ಕಳೆಯುತ್ತದೆ. ಜನವರಿಯಲ್ಲಿ ಗವಿಮಠದ ಜಾತ್ರೆ ಇದ್ದಾಗ ಕೊಪ್ಪಳದಿಂದ ಸಂಜೆ ಹೊರಗೆ ಬೀಳುವುದೇ ಒಂದು ಕೆಲಸ. ಒಂದು ದಿನ ಹಿಂದೆ ಮುಂದೆ ಮಾಡಿದರೆ ಹುಟ್ಟುಹಬ್ಬ ಏನೂ ಕೆಡುವುದಿಲ್ಲ. ಅವಳಿಗೆ ಮೊದಲೇ ಹೇಳಿಬಿಡಿ, ಅಷ್ಟೇ.

ತಿಂಗಳು ನೋಡಿ, ಆಮೇಲೆ ಊಟ ಕೇಳಿ

ತೋಟದ ಊಟದಲ್ಲಿ ಮೆನು ಬರೆಯುವುದು ತಿಂಗಳು. ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಸಲೀಸು.

ಮಳೆಗಾಲದಲ್ಲಿ, ಅಂದ್ರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ, ತಪ್ಪಲು ಪಲ್ಯಗಳ, ಅಂದರೆ ಸೊಪ್ಪಿನ ಪಲ್ಯಗಳ ಕಾಲ. ಪುಂಡಿ ಪಲ್ಯ (ಗೋಂಗುರ ಸೊಪ್ಪಿನದು) ಆಗ ಕೇಳಬೇಕು. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಕೆಂಪಗೆ ಮಾಡಿ ಒಗ್ಗರಣೆ ಕೊಟ್ಟಿದ್ದು. ಅದು ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ, ಹಾಗಾಗಿ ಹಿಂದಿನ ರಾತ್ರಿಯೇ ಮಾಡಿಡಿ ಅಂತ ಧೈರ್ಯವಾಗಿ ಹೇಳಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಜ್ಜೆ ಬರುತ್ತದೆ, ಹಸಿ ಶೇಂಗಾ ಬರುತ್ತದೆ, ಕುಷ್ಟಗಿ, ಯಲಬುರ್ಗಾ ಕಡೆ ಎರಡೂ ಚೆನ್ನಾಗಿ ಬೆಳೆಯುತ್ತವೆ. ಆ ಹೊತ್ತಿಗೆ ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಹಸಿರಾಗಿ ನಿಂತಿರುತ್ತದೆ. ನೋಡಲಿಕ್ಕೆ ವರ್ಷದಲ್ಲೇ ಚೆಂದದ ಕಾಲ, ಆದರೆ ಗದ್ದೆ ನೀರಿನ ಸೊಳ್ಳೆ ಇರುತ್ತದೆ, ಅದಕ್ಕೆ ತಯಾರಾಗಿ ಹೋಗಿ.

ನನ್ನ ಲೆಕ್ಕದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಶ್ರೀಮಂತ. ಬದನೆಕಾಯಿ, ಅವರೆ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಹಕ್ಕರಿಕೆ, ಹಸಿ ಕಡಲೆ, ಎಲ್ಲ ಒಟ್ಟಿಗೆ. ಜನವರಿ ಹೊತ್ತಿಗೆ ಎರೆ ಹೊಲದ ಬಿಳಿಜೋಳ ಹಾಲುಗಾಳು ಕಟ್ಟಿದಾಗ ಸೀತನಿ ಸಿಗುತ್ತದೆ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಬೆಲ್ಲದ ಜೊತೆ ತಿನ್ನುವುದು. ಇದು ಕೆಲವೇ ದಿನ ಸಿಗುವ ವಸ್ತು, ಯಾವ ಫ್ರಿಜ್‌ನಲ್ಲೂ ಇಟ್ಟು ಮಾರಲಿಕ್ಕಾಗದು. ನಿಮ್ಮಾಕೆ ಜನವರಿಯಲ್ಲಿ ಹುಟ್ಟಿದ್ದರೆ ನೀವು ಪುಣ್ಯವಂತರು, ಕೇಕ್ ಯೋಚನೆಯನ್ನೇ ಬಿಡಿ, ಸೀತನಿ ಸುಡಿಸಿ.

ಮಾರ್ಚ್‌ನಲ್ಲಿ ಹೊಸ ಜೋಳ ಕಣಕ್ಕೆ ಬರುತ್ತದೆ, ರೊಟ್ಟಿಗೆ ಬೇರೆಯೇ ಸಿಹಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಸೊಪ್ಪು ಕಡಿಮೆ. ಆಗ ಮಾವು ಇದೆ. ಕೊಪ್ಪಳ ಜಿಲ್ಲೆಯ ಕೇಸರ್ ಮಾವಿಗೆ ಹೆಸರಿದೆ, ತೋಟಗಾರಿಕೆ ಇಲಾಖೆಯವರು ಮಾವಿನ ಮೇಳ ಮಾಡುತ್ತಾರೆ. ಹೋಳಿಗೆ ಜೊತೆ ಮಾವಿನ ಸೀಕರಣೆ, ಸೌತೆಕಾಯಿ ಪಚಡಿ, ಮಾವಿನಕಾಯಿ ಚಟ್ನಿ, ತಣ್ಣಗಿನ ಮಜ್ಜಿಗೆ. ಬೇಸಿಗೆಗೆ ಇಷ್ಟು ಸಾಕು.

ಜಾಗ ಆರಿಸುವಾಗ ಕೇಳಬೇಕಾದ ಮಾತು

ಮೊದಲ ವರ್ಷ ನಾನು ಸರಿಯಾಗಿ ವಿಚಾರಿಸದೆ ಹೋದೆ. ತೋಟದ ಊಟ ಅಂತ ದೊಡ್ಡ ಬೋರ್ಡ್, ಒಳಗೆ ಎತ್ತಿನಗಾಡಿ ಚಕ್ರ, ಲಾಂದ್ರ, ಗೋಡೆ ಮೇಲೆ ವರ್ಲಿ ಚಿತ್ರ. ಜಾಗದ ಹೆಸರು ಬೇಡ. ಒಂದೂವರೆ ಗಂಟೆ ಕಾದ ಮೇಲೆ ಬಂದಿದ್ದು ಪನೀರ್ ಮಸಾಲ, ಗೋಬಿ ಮಂಚೂರಿ, ಮತ್ತು ಬೆಳಗ್ಗೆ ಮಾಡಿಟ್ಟು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ರೊಟ್ಟಿ. ಎಣ್ಣೆಗಾಯಿಯಲ್ಲಿದ್ದ ಬದನೆಕಾಯಿ ಬೀಜ ಕಪ್ಪಗಾಗಿತ್ತು. ಅವಳು ಏನೂ ಅನ್ನಲಿಲ್ಲ, ಚೆನ್ನಾಗಿದೆ ಅಂದಳು, ಆದರೆ ರೊಟ್ಟಿಯನ್ನು ಎರಡು ಸಲ ಬೆರಳಿಂದ ಒತ್ತಿ ನೋಡಿದ್ದು ನಾನು ನೋಡಿದೆ. ಅವತ್ತು ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಅದಕ್ಕೇ ಈಗ ಫೋನಿನಲ್ಲಿ ನಾನು ಮೆನು ಕಳಿಸಿ ಅಂತ ಕೇಳುವುದೇ ಇಲ್ಲ. ಈ ವಾರ ನಿಮ್ಮ ತೋಟದಲ್ಲಿ ಏನೇನು ಕೊಯ್ಯುತ್ತಿದ್ದೀರಿ ಅಂತ ಕೇಳುತ್ತೇನೆ. ಎಲ್ಲಾ ಇದೆ ಸಾರ್, ನಿಮಗೇನು ಬೇಕು ಹೇಳಿ ಅಂದರೆ ಅದು ಮಾರ್ಕೆಟ್‌ನಿಂದ ಬರುವ ತರಕಾರಿ. ಅವರೆ ಮುಗಿದುಹೋಯಿತು ರೀ, ಚವಳಿಕಾಯಿ ಇದೆ, ಹಿರೇಕಾಯಿ ಇನ್ನೊಂದು ವಾರ ಬೇಕು ಅಂದರೆ ಆ ಮನುಷ್ಯ ಬೆಳಗ್ಗೆ ತೋಟದಲ್ಲಿ ಓಡಾಡಿದ್ದಾನೆ ಅಂತ ಅರ್ಥ. ಇಲ್ಲ ಅನ್ನುವ ಜಾಗವನ್ನು ನಂಬಿ.

ಎರಡನೇ ಪ್ರಶ್ನೆ, ರೊಟ್ಟಿ ಯಾರು ಮಾಡುತ್ತಾರೆ, ಎಷ್ಟು ಹೊತ್ತಿಗೆ ಮಾಡುತ್ತಾರೆ. ಕಟ್ಟಿಗೆ ಒಲೆಯೋ ಗ್ಯಾಸೋ ಎರಡನೇ ಮಾತು, ನಾವು ಕೂತ ಮೇಲೆ ಬಡಿಯುತ್ತೀರಾ ಅನ್ನುವುದು ಮುಖ್ಯ. ಒಲೆಗೂ ನಾವು ಕೂರುವ ಜಾಗಕ್ಕೂ ಎಷ್ಟು ದೂರ ಅಂತಲೂ ಕೇಳಿ. ಹತ್ತು ಹೆಜ್ಜೆ ಒಳಗಿದ್ದರೆ ಒಳ್ಳೇದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಜೋಳದ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಐದು ನಿಮಿಷ ಒಂದು ರುಚಿ, ಆಮೇಲೆ ಇನ್ನೊಂದು.

ಸಾವಯವ ಅಂತ ಹೇಳಿಕೊಂಡರೆ ಪತ್ರ ಇದೆಯಾ ಅಂತ ಮರ್ಯಾದೆಯಿಂದ ಕೇಳಬಹುದು. ಪಿಜಿಎಸ್ ಇಂಡಿಯಾ ಅಂತ ಸರ್ಕಾರದ ಒಂದು ಪದ್ಧತಿ ಇದೆ, ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ಇನ್ನೂ ಬದಲಾಗುತ್ತಿರುವ ಹೊಲಕ್ಕೆ ಪಿಜಿಎಸ್ ಗ್ರೀನ್, ಪೂರ್ತಿ ಬದಲಾದದ್ದಕ್ಕೆ ಪಿಜಿಎಸ್ ಆರ್ಗ್ಯಾನಿಕ್. ಪತ್ರ ಇಲ್ಲದ ಒಳ್ಳೆಯ ರೈತರೂ ತುಂಬಾ ಜನ ಇದ್ದಾರೆ, ಅದಕ್ಕಾಗಿ ಜಾಗ ಬಿಡಬೇಡಿ. ಊಟ ಮಾರುವವರಿಗೆ ಆಹಾರ ಸುರಕ್ಷತೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, ಅದು ಇದೆಯಾ ನೋಡಿ. ನೀರು ಎಲ್ಲಿಯದು, ಕೈ ತೊಳೆಯುವ ಜಾಗ, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ ಇದೆಯಾ, ಇದನ್ನು ಕೇಳಲಿಕ್ಕೆ ಸಂಕೋಚ ಬೇಡ. ಶೌಚಾಲಯ ಸರಿ ಇಲ್ಲದ ಜಾಗಕ್ಕೆ ಊಟ ಎಷ್ಟೇ ಚೆನ್ನಾಗಿದ್ದರೂ ನಾನು ಕರೆದುಕೊಂಡು ಹೋಗುವುದಿಲ್ಲ. ಅವಳು ಸಂಜೆಯೆಲ್ಲ ನೀರು ಕುಡಿಯದೆ ಕೂರುತ್ತಾಳೆ.

ಎಲ್ಲಿ ಹುಡುಕಬೇಕು ಅಂದರೆ, ಕೊಪ್ಪಳದವರಿಗೆ ಆನೆಗೊಂದಿ, ಸಣಾಪುರ ಕಡೆ ಬಾಳೆತೋಟ, ಗದ್ದೆಗಳ ನಡುವೆ ಹೋಮ್‌ಸ್ಟೇಗಳಿವೆ, ತಂಗದೆ ಬರೀ ಊಟಕ್ಕೂ ಕೆಲವರು ಒಪ್ಪುತ್ತಾರೆ. ಬಳ್ಳಾರಿಯವರು ಸಂಡೂರು ಕಡೆ, ಕಂಪ್ಲಿ, ಸಿರುಗುಪ್ಪ ಕಡೆ ವಿಚಾರಿಸಬಹುದು, ಬಳ್ಳಾರಿ ಅಂಜೂರದ ತೋಟ ಇರುವವರು ಸಿಕ್ಕರೆ ಬಿಡಬೇಡಿ. ರಾಯಚೂರಿನವರಿಗೆ ಸಿಂಧನೂರು, ಮಾನ್ವಿ ಕಾಲುವೆ ಪ್ರದೇಶ ಇದೆ. ಎಲ್ಲೂ ಬೋರ್ಡ್ ಹಾಕಿದ ಜಾಗ ಸಿಗಲಿಲ್ಲ ಅಂದರೆ ಪರಿಚಯದ ರೈತರ ಮನೆಯನ್ನೇ ಕೇಳಿ. ಅಣ್ಣಾ, ಇಂಥ ದಿನ ನಮ್ಮಿಬ್ಬರಿಗೆ ನಿಮ್ಮ ತೋಟದಲ್ಲಿ ಊಟ ಆಗಬೇಕು, ದುಡ್ಡು ತಗೋಬೇಕು ಅಂತ ಮೊದಲೇ ಹೇಳಿ. ದುಡ್ಡಿನ ಮಾತು ಮೊದಲೇ ಆಗದಿದ್ದರೆ ಅವರು ನಿಮ್ಮನ್ನು ಬೀಗರ ಹಾಗೆ ನೋಡಿಕೊಂಡು ಒಂದು ರೂಪಾಯಿ ಮುಟ್ಟುವುದಿಲ್ಲ, ಆ ಮನೆಯ ಹೆಣ್ಣುಮಗಳ ಇಡೀ ದಿನದ ದುಡಿಮೆ ಸುಮ್ನೆ ಹೋಗುತ್ತದೆ. ಒಬ್ಬಳಿಗೆ ಬಿಡುವು ಕೊಡಲಿಕ್ಕೆ ಇನ್ನೊಬ್ಬಳನ್ನು ಬಿಟ್ಟಿ ದುಡಿಸುವುದು ತಪ್ಪು, ಅಲ್ವಾ?

ಊಟದ ಮಾತುಕತೆ: ಮೂರು ದಿನ ಮುಂಚೆ

ಹಿಂದಿನ ದಿನ ಹೇಳಿದರೆ ತಡ. ಮೂರು ದಿನ ಮುಂಚೆ ಕೂತು ಮಾತಾಡಿ.

ರೊಟ್ಟಿಯಿಂದ ಶುರು ಮಾಡಿ. ಹಿಟ್ಟು ಆ ವಾರ ಬೀಸಿದ್ದಿರಬೇಕು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟು ಗಂಜಿಬಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹಿಟ್ಟು ಹಳೆಯದಾದರೆ ಆ ಜಿಗುಟು ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ರುಚಿಯೂ ಕಹಿ ಕಡೆ ತಿರುಗುತ್ತದೆ. ಒಳ್ಳೆ ಕೈ ಇರುವ ಅಕ್ಕ ಒಬ್ಬರು ಬಡಿಯುವುದನ್ನು ಹತ್ತಿರದಿಂದ ನೋಡಿ. ಉಂಡೆ ತಿರುಗುತ್ತಾ ತಿರುಗುತ್ತಾ ಅಗಲವಾಗುತ್ತದೆ, ಬಳೆ ಸದ್ದು ಒಂದೇ ತಾಳದಲ್ಲಿ ಬರುತ್ತದೆ. ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ಮಗುಚಿ, ಆಮೇಲೆ ಒಲೆಯ ಬಾಯಿಗೆ ಒರಗಿಸಿದರೆ ರೊಟ್ಟಿ ನಿಧಾನ ಉಸಿರು ತೆಗೆದುಕೊಂಡ ಹಾಗೆ ಉಬ್ಬುತ್ತದೆ. ಆ ಉಬ್ಬಿದ ರೊಟ್ಟಿಯ ತೆಳು ಪದರ ಹರಿದಾಗ ಹಬೆ ಬರುತ್ತದಲ್ಲ, ಅದು ಅವಳ ತಟ್ಟೆಯಲ್ಲಿ ಬರಬೇಕು. ಇದನ್ನು ಅಕ್ಕನಿಗೆ ಬಾಯಿಬಿಟ್ಟು ಹೇಳಿ: ಮೊದಲ ರೊಟ್ಟಿ ಅವಳಿಗೆ, ನನಗೆ ಆಮೇಲೆ. ಇಲ್ಲದಿದ್ದರೆ ರೂಢಿಯ ಬಲದಿಂದ ಮೊದಲು ಗಂಡಸಿನ ತಟ್ಟೆಗೇ ಬರುತ್ತದೆ.

ಎಣ್ಣೆಗಾಯಿಗೆ ಎಳೆ, ಸಣ್ಣ ಬದನೆಕಾಯಿ ಬೇಕು, ಅವತ್ತೇ ಕೊಯ್ದಿದ್ದು. ತೊಟ್ಟು ಹಸಿರಾಗಿ, ಮುಳ್ಳು ಚುರುಕಾಗಿದ್ದರೆ ತಾಜಾ. ಕೊಯ್ದು ದಿನವಾದದ್ದು ಹೆಚ್ಚಿದಾಗ ಬೀಜ ಕಂದಾಗಿರುತ್ತದೆ. ಶೇಂಗಾ, ಗುರೆಳ್ಳು, ಒಣಕೊಬ್ಬರಿ ಹುರಿದು ಕುಟ್ಟಿ, ಹುಣಸೆ, ಬೆಲ್ಲ ಹಾಕಿ ತುಂಬುವುದನ್ನು ಯಾರೂ ಕಲಿಸಬೇಕಾಗಿಲ್ಲ, ನೀವು ಖಾರ ಎಷ್ಟು ಅಂತ ಮಾತ್ರ ಹೇಳಿ. ಮಡಕೆಕಾಳಿನ ಉಸುಳಿ ಬೇಕಾದರೆ ಕಾಳು ನೆನೆಸಿ ಮೊಳಕೆ ಬರಿಸಲು ಒಂದೂವರೆ ದಿನ ಬೇಕು, ಮೂರು ದಿನ ಮುಂಚೆ ಅಂದಿದ್ದು ಇದಕ್ಕೇ. ಹಸಿ ಪಚಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮೇಲೆ ಗಟ್ಟಿ ಮೊಸರು. ಪಲ್ಯ ಎರಡಕ್ಕಿಂತ ಜಾಸ್ತಿ ಹೇಳಬೇಡಿ. ಹತ್ತು ಬಟ್ಟಲು ಇಟ್ಟರೆ ಫೋಟೋ ಚೆಂದ ಬರುತ್ತದೆ, ರೊಟ್ಟಿ ಎರಡಕ್ಕೇ ಹೊಟ್ಟೆ ತುಂಬುತ್ತದೆ.

ಕೊನೆಗೆ ಅನ್ನ. ಗಂಗಾವತಿ ಸೋನಾ ಮಸೂರಿ ನಮ್ಮ ಮನೆಯ ಅಕ್ಕಿ, ಅದರ ಬಗ್ಗೆ ಒಂದೇ ಮಾತು: ಹಳೇ ಅಕ್ಕಿ ಕೇಳಿ. ಸುಗ್ಗಿ ಮುಗಿದ ಹೊಸದರಲ್ಲಿ ಹೊಸ ಅಕ್ಕಿ ಅನ್ನ ಮೆತ್ತಗಾಗಿ ಅಂಟುತ್ತದೆ. ಮಾಂಸದೂಟ ಮಾಡುವವರು ನಾಟಿ ಕೋಳಿ ಬೇಕಿದ್ದರೆ ಅದನ್ನೂ ಈಗಲೇ ಹೇಳಿ, ಅದು ಬೇಯಲು ಹೊತ್ತು ಹಿಡಿಯುತ್ತದೆ.

ಸಿಹಿ ವಿಷಯಕ್ಕೆ ಬಂದರೆ ನಾನು ಹೋಳಿಗೆ ಪಕ್ಷ. ಬೇಳೆ ಹೋಳಿಗೆ, ಇಲ್ಲಾ ಶೇಂಗಾ ಹೋಳಿಗೆ, ಇಲ್ಲಾ ಹಾಲು, ತುಪ್ಪ ಹಾಕಿದ ಗೋಧಿ ಹುಗ್ಗಿ. ಮಕ್ಕಳಿಗೆ ಕೇಕ್ ಕತ್ತರಿಸಲೇಬೇಕು ಅನ್ನುವ ಆಸೆ ಇದ್ದರೆ ಸಣ್ಣದೊಂದು ಒಯ್ಯಿರಿ, ಕ್ರೀಮ್ ಇಲ್ಲದ್ದು, ನಮ್ಮ ಸೆಕೆಗೆ ಕ್ರೀಮ್ ಕಾರಿನಲ್ಲೇ ಕರಗುತ್ತದೆ.

ಮನೆ ಕಡೆ ವ್ಯವಸ್ಥೆ: ಇದನ್ನು ಯಾರೂ ಹೇಳುವುದಿಲ್ಲ

ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆ. ಗಂಡ ಸಂಜೆ ಹೊರಗೆ ಊಟಕ್ಕೆ ಹೋಗೋಣ ಅನ್ನುತ್ತಾನೆ. ಅವಳು ಮಧ್ಯಾಹ್ನ ಮೂರಕ್ಕೇ ಎದ್ದು ಅತ್ತೆ, ಮಾವನಿಗೆ ಅಡುಗೆ ಮಾಡಿ, ಮುಚ್ಚಿಟ್ಟು, ಮಕ್ಕಳಿಗೆ ಹಾಲು ಕಾಯಿಸಿ, ಪಾತ್ರೆ ತೊಳೆದು, ಬೆವರಿನಲ್ಲೇ ಸೀರೆ ಉಟ್ಟು ಹೊರಡುತ್ತಾಳೆ. ಹಾಗಾದರೆ ಅವಳಿಗೆ ಸಿಕ್ಕಿದ್ದು ಬಿಡುವಾ, ಇನ್ನೊಂದು ಕೆಲಸವಾ? ಆದ್ದರಿಂದ ಮನೆಯಲ್ಲಿರುವವರ ಊಟದ ಹೊಣೆ ನಿಮ್ಮದು. ಖಾನಾವಳಿಯಿಂದ ತರಿಸಿ, ಇಲ್ಲಾ ನೀವೇ ಅನ್ನ, ಸಾರು ಮಾಡಿಡಿ, ಇಲ್ಲಾ ಅಕ್ಕನ ಮನೆಗೆ ಹೇಳಿ. ಅಪ್ಪ, ಅವ್ವನಿಗೆ ಎರಡು ದಿನ ಮುಂಚೆಯೇ ನೀವೇ ಹೇಳಿ, ಅವಳ ಬಾಯಿಂದ ಹೇಳಿಸಬೇಡಿ. ನಾನು ಹೇಳಿದಾಗ ನಮ್ಮವ್ವ ಒಂದು ಗಳಿಗೆ ಸುಮ್ಮನಿದ್ದು, "ಹೋಗಿ ಬರ್ರಿ, ಆಕೀಗೆ ನನ್ನ ಕಡಿಂದ ಒಂದು ಜಂಪರ್ ಪೀಸ್ ತಗೊಂಡು ಹೋಗು" ಅಂದಳು.

ಮಕ್ಕಳನ್ನು ಕರೆದೊಯ್ಯಬೇಕಾ ಬೇಡವಾ ಅನ್ನುವುದು ಅವಳಿಗೆ ಬಿಟ್ಟಿದ್ದು. ಬಿಟ್ಟು ಹೋದರೆ ಮನಸ್ಸು ಮನೆಯಲ್ಲೇ ಇರುತ್ತದೆ ಅನ್ನುವವರೂ ಇದ್ದಾರೆ. ಕರೆದೊಯ್ದರೆ ಆ ದಿನ ತುತ್ತು ತಿನ್ನಿಸುವುದು, ಕೈ ತೊಳೆಸುವುದು, ಬಾವಿ ಕಡೆ ಓಡಿದಾಗ ಹಿಂದೆ ಓಡುವುದು ಎಲ್ಲ ನೀವು. ಇದನ್ನು ಮಾತಿನಲ್ಲಿ ಒಪ್ಪಿಕೊಂಡು ಅಲ್ಲಿ ಹೋಗಿ ಫೋನ್ ಹಿಡಿದು ಕೂರಬೇಡಿ.

ಆ ಸಂಜೆ

ಬೆಳಕಿರುವಾಗ ತಲುಪಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆ ಹೊತ್ತು ಮುಳುಗಿರುತ್ತದೆ, ಮೇ, ಜೂನ್‌ನಲ್ಲಿ ಏಳರ ಹತ್ತಿರ. ಒಂದು ಗಂಟೆ ಮುಂಚೆ ಮುಟ್ಟಿದರೆ ತೋಟದಲ್ಲಿ ಓಡಾಡಬಹುದು, ಊಟಕ್ಕೆ ಬರುವ ಬದನೆ, ಮೆಂತ್ಯೆಯನ್ನು ಗಿಡದಲ್ಲೇ ನೋಡಬಹುದು. ಅವಳ ಕೈಯಿಂದಲೇ ಎರಡು ಹಸಿಮೆಣಸಿನಕಾಯಿ ಕೊಯ್ಯಿಸಿ, ಹೆಣ್ಣುಮಕ್ಕಳಿಗೆ ತವರಿನ ಹೊಲ ನೆನಪಾಗುತ್ತದೆ. ಸಣಾಪುರ, ಆನೆಗೊಂದಿ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ, ಕತ್ತಲಾದ ಮೇಲೆ ಬಂಡೆ ಹತ್ತುವ ಸಾಹಸ ಬೇಡ. ಆಣೆಕಟ್ಟಿನಿಂದ ನೀರು ಬಿಟ್ಟಿರುವ ದಿನಗಳಲ್ಲಿ ಹೊಳೆ ದಂಡೆಗೂ ಇಳಿಯಬೇಡಿ, ಹರಿಗೋಲೂ ಬೇಡ.

ಜೊತೆಗೆ ಇಟ್ಟುಕೊಳ್ಳಬೇಕಾದದ್ದು ಸ್ವಲ್ಪವೇ. ಟಾರ್ಚ್, ಸೊಳ್ಳೆ ಮುಲಾಮು, ಮುಚ್ಚಿದ ಚಪ್ಪಲಿ ಅಥವಾ ಬೂಟು, ಚಳಿಗಾಲವಾದರೆ ಶಾಲು. ಕರೆಂಟ್ ಹೋಗಬಹುದು, ಅವರ ಹತ್ತಿರ ಲಾಟೀನು ಅಥವಾ ಚಾರ್ಜ್ ಲೈಟ್ ಇದೆಯಾ ಅಂತ ಮೊದಲೇ ಕೇಳಿರಿ.

ಉಡುಗೊರೆ ಬೇಕು ಅನ್ನುವವರಿಗೆ ನಮ್ಮಲ್ಲೇ ಒಳ್ಳೆಯ ವಸ್ತುಗಳಿವೆ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಮಾಡುವ ಬಣ್ಣದ ಗೊಂಬೆಗಳು, ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರಿನಲ್ಲಿ ಹೆಣೆಯುವ ಚೀಲಗಳು.

ಇನ್ನೊಂದು ಕೆಲಸ ಮಾಡಿ, ಅದು ನನಗೆ ತುಂಬಾ ಇಷ್ಟ. ಊಟಕ್ಕೆ ಕೂರುವ ಮುಂಚೆ ಅಲ್ಲಿನ ಹಿರಿಯ ಹೆಣ್ಣುಮಗಳ ಕೈಯಿಂದ ಅವಳಿಗೆ ಉಡಿ ತುಂಬಿಸಿ. ಅಕ್ಕಿ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಎಲೆ ಅಡಿಕೆ, ಬಾಳೆಹಣ್ಣು, ಜಂಪರ್ ಪೀಸ್, ಎಲ್ಲ ನೀವೇ ಒಂದು ಚೀಲದಲ್ಲಿ ತಗೊಂಡು ಹೋಗಿ, ಮೊದಲೇ ಅವರನ್ನು ಕೇಳಿ ಒಪ್ಪಿಸಿ. ಹೋದ ವರ್ಷ ಆ ಅಜ್ಜಿ ಕುಂಕುಮ ಹಚ್ಚಿ, ಐದು ಸಲ ಅಕ್ಕಿ ಹಾಕಿ, ತಲೆ ಮೇಲೆ ಕೈ ಇಟ್ಟಾಗ ಅವಳು ಸೆರಗು ಹಿಡಿದುಕೊಂಡು ಹಾಗೇ ನಿಂತಿದ್ದಳು, ಕಣ್ಣು ತುಂಬಿತ್ತು. ಅವಳ ಅವ್ವ ತೀರಿಕೊಂಡು ಆಗ ನಾಲ್ಕು ತಿಂಗಳು.

ಆಮೇಲೆ ಕೂತೆವು. ಚಾಪೆ, ಮುಂದೆ ಮಣೆ, ಹಂಚಿನಿಂದ ಮೊದಲ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ ಜಾರುತ್ತಿತ್ತು. ಒಲೆ ಮುಂದಿನ ಅಕ್ಕ "ತಂಗಿ, ಇನ್ನೊಂದು ಹಾಕ್ಲೇನು?" ಅಂತ ಕೇಳಿದಾಗ ಅವಳು ಅಭ್ಯಾಸದಿಂದ ನನ್ನ ತಟ್ಟೆ ನೋಡಿದಳು. ನನ್ನ ತಟ್ಟೆ ಇನ್ನೂ ಖಾಲಿ. "ಹಾಕ್ರಿ ಅಕ್ಕಾ" ಅಂದಳು. ನೀವೂ ಆ ಹೊತ್ತಿನಲ್ಲಿ ಫೋಟೋ, ವಿಡಿಯೋ ಅಂತ ನಡುವೆ ಕೈ ಹಾಕಬೇಡಿ. ಬಿಸಿ ಊಟದ ಮುಂದೆ ಕಾಯಿಸುವುದು ಸರಿಯಲ್ಲ. ಫೋಟೋ ಬೇಕಾದರೆ ತೋಟದಲ್ಲಿ, ಬೆಳಕಿದ್ದಾಗಲೇ ತೆಗೆದುಕೊಳ್ಳಿ.

ದುಡ್ಡು, ದಾರಿ, ಮರುದಿನ

ತಲೆಗೆ ಎಷ್ಟು ಅಂತ ಮೊದಲೇ ಮಾತಾಡಿ, ಅರ್ಧ ಮುಂಗಡ ಯುಪಿಐನಲ್ಲಿ ಕಳಿಸಿ, ದಿನ, ಹೊತ್ತು, ಜನ, ಹೇಳಿದ ಅಡುಗೆ ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ಸರಿ ಅಂತ ಉತ್ತರ ಬರಲಿ. ಬಿಲ್ ಕೊಡುವ ಹೋಟೆಲ್ ಆದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಇರುತ್ತದೆ. ಸರ್ವಿಸ್ ಚಾರ್ಜ್ ಅಂತ ಬೇರೆ ಹಾಕಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಅನ್ನಬಹುದು. ಆದರೆ ರೊಟ್ಟಿ ಬಡಿದ ಅಕ್ಕನಿಗೆ ಬೇರೆಯಾಗಿ, ಅವರ ಕೈಗೇ, ದುಡ್ಡು ಕೊಡಿ. ಮಾಲೀಕರ ಕೈಗೆ ಕೊಟ್ಟು ಅವರಿಗೂ ಕೊಡಿ ಅಂದರೆ ಸಾಲದು.

ರಾತ್ರಿ ಒಂಬತ್ತರೊಳಗೆ ಹೊರಡಿ. ನವೆಂಬರ್, ಡಿಸೆಂಬರ್‌ನಲ್ಲಿ ಕಾಲುವೆ ಕಡೆಯ ರಸ್ತೆಗಳಲ್ಲಿ ಅರ್ಧ ದಾರಿಗೆ ಭತ್ತ ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ, ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಬೈಕಿನಲ್ಲಿ ಹೋಗುವವರು ಜಾಸ್ತಿ ಎಚ್ಚರ ವಹಿಸಿ, ಹೆಲ್ಮೆಟ್ ಇಬ್ಬರಿಗೂ ಇರಲಿ.

ಹೊರಡುವ ಮುಂಚೆ ಒಂದು ಡಬ್ಬಿ ಕೇಳಿ ತುಂಬಿಸಿಕೊಳ್ಳಿ: ಹತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳಿದ ಪುಂಡಿ ಪಲ್ಯ. ಇದನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ ದುಡ್ಡು ಕೊಟ್ಟಿರಿ. ಮರುದಿನ ಬೆಳಗ್ಗೆ ಮನೆಮಂದಿಯ ನಾಷ್ಟಾ ಅದೇ, ಮೇಲೆ ಮೊಸರು. ಅವಳು ಏಳುವ ಹೊತ್ತಿಗೆ ನೀವು ಚಹಾ ಇಟ್ಟಿದ್ದರೆ ಆಯಿತು.